ಕಟ್ಟಿದ ವರ್ಷವೇ ಜಾತಕ: ಐಂಡ್‌ಹೋವನ್ ಕಡೆ ಹಳೆಯ ಸಾಲುಮನೆ ಕೊಳ್ಳುವ ಬಗೆ

ಮನೆ ಮಾರಾಟದ ಡಚ್ ಜಾಲತಾಣ ಫುಂಡಾದಲ್ಲಿ ಮನೆಯ ಫೋಟೊ ನೋಡುವ ಮೊದಲು ನೋಡಬೇಕಾದದ್ದು ಒಂದೇ ಸಾಲು: 'ಬೌಯಾರ್', ಅಂದರೆ ಕಟ್ಟಿದ ವರ್ಷ. ನೆದರ್ಲ್ಯಾಂಡ್ಸ್‌ನ ಸಾಲುಮನೆಗಳನ್ನು ನಮ್ಮೂರಿನ ಹಾಗೆ ಒಬ್ಬೊಬ್ಬರು ಸೈಟು ಕೊಂಡು ತಮಗೆ ಬೇಕಾದಂತೆ ಕಟ್ಟಿಸಿಕೊಂಡದ್ದಲ್ಲ. ಇಡೀ ಬೀದಿ, ಎಷ್ಟೋ ಕಡೆ ಇಡೀ ಬಡಾವಣೆ, ಒಂದೇ ನಕ್ಷೆಯಲ್ಲಿ ಒಂದೇ ಸಲಕ್ಕೆ ಎದ್ದದ್ದು. ಹಾಗಾಗಿ ವರ್ಷ ಗೊತ್ತಾದರೆ ಗೋಡೆಯೊಳಗೆ ಏನಿದೆ, ನೆಲದಡಿ ಏನಿದೆ, ಪಕ್ಕದ ಮನೆಯ ಸದ್ದು ಎಷ್ಟು ಕೇಳಿಸುತ್ತದೆ ಎಂಬುದನ್ನೆಲ್ಲ ಮುಕ್ಕಾಲು ಪಾಲು ಮೊದಲೇ ಹೇಳಬಹುದು. ಹೊಸ ಅಡುಗೆಮನೆ, ಬೆಳ್ಳಗೆ ಬಳಿದ ಗೋಡೆ ಇವೆಲ್ಲ ಮಾರಾಟಕ್ಕೆ ಮುಂಚಿನ ಅಲಂಕಾರ.

ಫೆಲ್ಡ್‌ಹೋವನ್‌ನಲ್ಲಿ ಚಿಪ್ ತಯಾರಿಕೆಯ ಯಂತ್ರ ಮಾಡುವ ಎಎಸ್‌ಎಂಎಲ್ ಕಂಪನಿಗೆಂದು ಬಂದ ಕನ್ನಡಿಗರು ಹೆಚ್ಚಾಗಿ ಹುಡುಕುವುದು ಐಂಡ್‌ಹೋವನ್ ಮತ್ತು ಸುತ್ತಲ ಊರುಗಳಲ್ಲಿ. ಇಲ್ಲಿ ಫಿಲಿಪ್ಸ್ ಕಂಪನಿ ತನ್ನ ಕಾರ್ಮಿಕರಿಗಾಗಿ 1910ರಿಂದ ಕಟ್ಟಿದ ಫಿಲಿಪ್ಸ್‌ಡಾರ್ಪ್ ಇದೆ. ಉತ್ತರದ ಡ್ರೆಂಟೆ ಪ್ರಾಂತದಿಂದ ಬಂದ ಕಾರ್ಮಿಕರಿಂದ ಹೆಸರು ಪಡೆದ ಡ್ರೆಂಟ್ಸ್ ಡಾರ್ಪ್ ಇದೆ. ಮುಂಭಾಗ ಉಬ್ಬಿದ ಕಿಟಕಿ, ಬಣ್ಣದ ಗಾಜು ಇರುವ 1930ರ ದಶಕದ ಬೀದಿಗಳಿವೆ. 1960 ಮತ್ತು 70ರ ದಶಕದ 'ದೋರ್‌ಜೋನ್' ಮನೆಗಳಂತೂ ಲೆಕ್ಕವಿಲ್ಲದಷ್ಟು. ಬೀದಿ ಬದಿಯ ಕಿಟಕಿಯಿಂದ ಹಿತ್ತಿಲ ಕಿಟಕಿಯವರೆಗೆ ಒಂದೇ ಹಜಾರ; ಬಿಸಿಲು ಈ ಕಡೆಯಿಂದ ಆ ಕಡೆಗೆ ಹಾಯುತ್ತದೆ ಎಂದೇ ಆ ಹೆಸರು. ಮಕ್ಕಳಿರುವ ಮನೆಯವರು ಕಡೆಗೆ ಬಂದು ನಿಲ್ಲುವುದು ಸಾಮಾನ್ಯವಾಗಿ ಇವುಗಳ ಮುಂದೆಯೇ. ಮೂರು ಮಲಗುವ ಕೋಣೆ, ಮೇಲೊಂದು ಅಟ್ಟ, ಹಿಂದೆ ಸೈಕಲ್ ಶೆಡ್ಡು, ಆಚೆಗೊಂದು ಓಣಿ.

1930ರ ದಶಕದ ಮನೆಯಲ್ಲಿ ಮೊದಲು ನೋಡಬೇಕಾದದ್ದು ಮರ. ನೆಲಮಹಡಿಯ ನೆಲವೂ ಹಲಗೆಯದ್ದೇ. ಅದರಡಿ ಸುಮಾರು ಅರ್ಧ ಮೀಟರ್ ಎತ್ತರದ ಟೊಳ್ಳು ಇರುತ್ತದೆ. ಡಚ್ಚರು ಅದನ್ನು 'ಕ್ರೌಪ್‌ರೌಮ್ಟೆ' ಎನ್ನುತ್ತಾರೆ, ತೆವಳುವ ಜಾಗ. ಅದರ ಮುಚ್ಚಳ ಬಹುತೇಕ ಮುಂಬಾಗಿಲ ಒಳಗೆ, ಕಾಲೊರಸಿನ ಕೆಳಗೆ ಇರುತ್ತದೆ. ಮನೆ ನೋಡಲು ಹೋದಾಗ ಅದನ್ನು ಎತ್ತಿ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಕೆಳಗಿನಿಂದ ಬರುವ ಗಾಳಿ ಒಣಗಿದ ಮರಳಿನ ವಾಸನೆ ಹೊತ್ತು ಬಂದರೆ ಸರಿ. ಕೊಳೆತ ಎಲೆಯ ವಾಸನೆ ಬಂದರೆ ಹುಷಾರು. ಟಾರ್ಚ್ ಬಿಟ್ಟು ತೊಲೆಗಳ ತುದಿ, ಅಂದರೆ ಗೋಡೆಯೊಳಕ್ಕೆ ಹೊಕ್ಕಿರುವ ಭಾಗ ನೋಡಿ. ಕುಂಬಾಗುವುದು ಅಲ್ಲೇ ಶುರು. ಗಾಳಿಯಾಡಲು ಹೊರಗೋಡೆಯ ಬುಡದಲ್ಲಿ ಕೊಟ್ಟ ಕಿಂಡಿಗಳನ್ನು ಅಂಗಳಕ್ಕೆ ಕಲ್ಲು ಹಾಸುವಾಗ ಯಾರೋ ಮುಚ್ಚಿರುತ್ತಾರೆ, ತೇವ ಒಳಗೇ ನಿಂತು ತೊಲೆ ಹಾಳಾಗಿರುತ್ತದೆ. ಇಂಥ ಹಳೆಯ ಮನೆಗಳಲ್ಲಿ, 1960ರವರೆಗೆ ಕಟ್ಟಿದವುಗಳಲ್ಲಿ, ಸೀಸದ ನೀರಿನ ಕೊಳವೆ ಉಳಿದಿರುವ ಸಾಧ್ಯತೆಯೂ ಇದೆ. ಮೀಟರಿನ ಬಳಿ ಬೂದುಬಣ್ಣದ ಮೆತ್ತನೆಯ ಕೊಳವೆ ಕಂಡರೆ ನಾಣ್ಯದಿಂದ ಕೆರೆಯಿರಿ. ಬೆಳ್ಳಿಯಂತೆ ಹೊಳೆದರೆ, ತಟ್ಟಿದಾಗ ಮಂದವಾಗಿ ಸದ್ದಾದರೆ ಅದು ಸೀಸ. ಗರ್ಭಿಣಿಯರು ಮತ್ತು ಬಾಟಲಿ ಹಾಲು ಕುಡಿಯುವ ಕೂಸುಗಳಿರುವ ಮನೆಯಲ್ಲಿ ಅದನ್ನು ಬದಲಿಸದೆ ಆ ನೀರು ಬಳಸುವಂತಿಲ್ಲ.

1960-70ರ ಮನೆಯ ಕಾಯಿಲೆಗಳೇ ಬೇರೆ. ನೆಲ ಕಾಂಕ್ರೀಟಿನದ್ದು, ನೋಡಲು ಗಟ್ಟಿ. ಆದರೆ 1965ರಿಂದ 80ರ ದಶಕದ ಮೊದಲ ವರ್ಷಗಳವರೆಗೆ ಬಳಕೆಯಲ್ಲಿದ್ದ ಕ್ವಾಯ್ಟಾಲ್ ಮತ್ತು ಮಾಂಟಾ ಎಂಬ ಸಿದ್ಧ ಕಾಂಕ್ರೀಟ್ ನೆಲಗಳಲ್ಲಿ ಒಂದು ತೊಡಕಿದೆ. ಬೇಗ ಗಟ್ಟಿಯಾಗಲೆಂದು ಕಾರ್ಖಾನೆಯಲ್ಲಿ ಕ್ಲೋರೈಡ್ ಬೆರೆಸುತ್ತಿದ್ದರು. ತೇವ ತಗುಲಿದರೆ ಆ ಕ್ಲೋರೈಡು ಒಳಗಿನ ಕಬ್ಬಿಣವನ್ನು ತಿನ್ನುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ. ಮೇಲೆ ನಿಂತವರಿಗೆ ಏನೂ ತಿಳಿಯದು; ಕೆಳಗಿಳಿದು ನೋಡಿದರೆ ಪಕ್ಕೆಲುಬಿನಂಥ ದಿಂಡುಗಳ ಉದ್ದಕ್ಕೂ ಕಂದು ಬಿರುಕು, ಚಕ್ಕೆಯೆದ್ದ ಕಾಂಕ್ರೀಟು ಕಾಣುತ್ತದೆ. ಮಾರುವವರು 'ನೆಲಕ್ಕೆ ಇನ್ಸುಲೇಷನ್ ಆಗಿದೆ' ಎಂದು ಹೆಮ್ಮೆಯಿಂದ ಹೇಳಿದರೆ, ಅದನ್ನು ಹಾಕುವ ಮೊದಲು ನೆಲ ಪರೀಕ್ಷೆಯಾಗಿತ್ತೇ ಎಂದು ಕೇಳಿ. ಕೆಳಗೆ ಫೋಮು ಸಿಂಪಡಿಸಿದ ಮೇಲೆ ಬಿರುಕು ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನೊಂದು ಆಸ್ಬೆಸ್ಟಾಸ್. ಇಲ್ಲಿ ಕಟ್ಟಡಗಳಲ್ಲಿ ಅದರ ಬಳಕೆ ನಿಷೇಧವಾದದ್ದು 1993ರ ಜುಲೈ 1ರಂದು. ಅದಕ್ಕಿಂತ ಹಳೆಯ ಮನೆಯಲ್ಲಿ ಅದು ಇದ್ದೇ ಇದೆ ಎಂದುಕೊಂಡು ಹುಡುಕಬೇಕು. ಶೆಡ್ಡಿನ ಅಲೆಅಲೆ ಚಾವಣಿ, ಅಟ್ಟದಲ್ಲಿ ಮೇಲಕ್ಕೆ ಹೋಗುವ ಬಾಯ್ಲರ್ ಹೊಗೆಕೊಳವೆ, ಕಿಟಕಿಯಡಿಯ ಹಲಗೆ, ಹಳೆಯ ವೈನಿಲ್ ನೆಲಹಾಸಿನ ಬೆನ್ನು. ಶೆಡ್ಡಿನ ಮೇಲೆ ಸ್ಕ್ರೂ ಹಾಕಿ ಕೂರಿಸಿದ ಗಟ್ಟಿ ತಗಡುಗಳನ್ನು 35 ಚದರ ಮೀಟರಿನವರೆಗೆ, ಪುರಸಭೆಗೆ ಮೊದಲೇ ತಿಳಿಸಿ, ಮನೆಯವರೇ ತೆಗೆಯಬಹುದು; ಅದು ದೊಡ್ಡ ತಲೆನೋವಲ್ಲ. ನೆಲಹಾಸಿನ ಬೆನ್ನಿನದ್ದು ಹಾಗಲ್ಲ. ಹರಿದರೆ ಎಳೆ ಗಾಳಿಗೆ ಹಾರುತ್ತದೆ, ಪರವಾನಗಿ ಇರುವ ಕಂಪನಿಯೇ ಬರಬೇಕು, ಬೆಲೆ ಹಲವು ಸಾವಿರ ಯೂರೊ. ಕಾರ್ಪೆಟಿನ ಮೂಲೆ ಎತ್ತಿ ನೋಡುವುದು ಇದಕ್ಕೇ.

ಗೋಡೆಯ ವಿಷಯದಲ್ಲಿ ಮಾತ್ರ ಹಳೆಯ ಸಾಲುಮನೆ ಲಾಭದ್ದು. 1975ಕ್ಕಿಂತ ಹಿಂದಿನ ಬಹುಪಾಲು ಮನೆಗಳಲ್ಲಿ ಎರಡು ಇಟ್ಟಿಗೆ ಪದರಗಳ ನಡುವೆ ಐದಾರು ಸೆಂಟಿಮೀಟರ್ ಖಾಲಿ ಇರುತ್ತದೆ. ಚಳಿ ತಡೆಯಲು ಇಟ್ಟಿಗೆ ಸಂದುಗಳಲ್ಲಿ ತೂತು ಕೊರೆದು ಉಣ್ಣೆಯಂಥ ನಾರನ್ನೋ ಸಣ್ಣ ಮಣಿಗಳನ್ನೋ ಊದಿ ತುಂಬುತ್ತಾರೆ. ಸಾಲಿನ ನಡುವಿನ ಮನೆಗೆ ಹೊರಗೋಡೆ ಎರಡೇ ಆದ್ದರಿಂದ ಒಂದು ದಿನದಲ್ಲಿ, ಎರಡು ಸಾವಿರ ಯೂರೊ ಆಸುಪಾಸಿನಲ್ಲಿ ಕೆಲಸ ಮುಗಿಯುತ್ತದೆ. ಮೂಲೆಮನೆಗೆ ಮೂರು ಗೋಡೆ; ಖರ್ಚೂ ಹೆಚ್ಚು, ಚಳಿಯೂ ಹೆಚ್ಚು, ಬೆಲೆಯೂ ಹೆಚ್ಚು. ಎಲ್ಲರೂ ಮೂಲೆಮನೆಗೆ ಮುಗಿಬೀಳುವುದೇಕೋ ನಮಗೆ ಅರ್ಥವಾಗಿಲ್ಲ.

ಅಡಿಪಾಯದ ಮಾತು ಊರನ್ನು ಅವಲಂಬಿಸಿದ್ದು. ಐಂಡ್‌ಹೋವನ್ ಮರಳುನೆಲ, ಇಲ್ಲಿ ಆ ಭಯ ಕಡಿಮೆ. ಕೆಲಸ ಬದಲಿಸಿ ರೋಟರ್‌ಡ್ಯಾಮ್, ಗೌಡಾ, ಜಾಂಡಮ್, ಹಾರ್ಲೆಮ್ ಕಡೆ ಮನೆ ನೋಡುವವರು ಈ ಪ್ರಶ್ನೆಯನ್ನೇ ಮೊದಲು ಕೇಳಬೇಕು. ಅಲ್ಲಿನ ಎಷ್ಟೋ ಹಳೆಯ ಮನೆಗಳು ಮರದ ಕಂಬಗಳ ಮೇಲೆ ನಿಂತಿವೆ. ಕಂಬದ ತಲೆ ಅಂತರ್ಜಲದೊಳಗೆ ಮುಳುಗಿರುವವರೆಗೆ ನೂರು ವರ್ಷವಾದರೂ ಬೂಷ್ಟು ಹಿಡಿಯದು. ನೀರು ಇಳಿದು ಗಾಳಿ ತಗುಲಿದರೆ ಬೂಷ್ಟು ಹಿಡಿದು ಕೊಳೆಯುತ್ತದೆ. ರಿಪೇರಿ ಒಂದು ಲಕ್ಷ ಯೂರೊ ದಾಟುವುದುಂಟು. ಅದಕ್ಕಿಂತ ದೊಡ್ಡ ಕಷ್ಟವೆಂದರೆ ಸಾಲುಮನೆಗಳ ಅಡಿಪಾಯ ಒಂದಕ್ಕೊಂದು ಕೂಡಿಕೊಂಡಿರುತ್ತದೆ. ನೀವೊಬ್ಬರೇ ದುಡ್ಡಿಟ್ಟುಕೊಂಡರೆ ಸಾಲದು, ಅಕ್ಕಪಕ್ಕದವರೂ ಒಪ್ಪಬೇಕು. ಆದ್ದರಿಂದ ಆ ಒಂದು ಮನೆಯನ್ನಲ್ಲ, ಇಡೀ ಸಾಲನ್ನು ಬೀದಿಯ ಆಚೆ ನಿಂತು ನೋಡಿ. ಇಟ್ಟಿಗೆ ಸಾಲು ಎಲ್ಲಾದರೂ ಬಾಗಿದೆಯೇ, ಕಿಟಕಿಯ ಮೂಲೆಯಿಂದ ಮೆಟ್ಟಿಲಿನಂತೆ ಬಿರುಕು ಏರಿದೆಯೇ, ಒಳಗಿನ ಬಾಗಿಲುಗಳ ಮೇಲಂಚನ್ನು ಓರೆಯಾಗಿ ಕತ್ತರಿಸಿದ್ದಾರೆಯೇ.

ವಾಸ್ತುವಿನ ಪ್ರಶ್ನೆ ನಮ್ಮವರಲ್ಲಿ ಬಂದೇ ಬರುತ್ತದೆ. ಡಚ್ಚರಿಗೂ ದಿಕ್ಕಿನ ಹುಚ್ಚಿದೆ, ಆದರೆ ಅವರು ಕೇಳುವುದು ಹಿತ್ತಿಲು ಯಾವ ಕಡೆಗಿದೆ ಎಂದು. ದಕ್ಷಿಣದ ಹಿತ್ತಿಲಿಗೆ ಎಲ್ಲಿಲ್ಲದ ಬೇಡಿಕೆ, ಅದರ ನಂತರ ಪಶ್ಚಿಮದ್ದಕ್ಕೆ. ಸಾಲುಮನೆಯಲ್ಲಿ ಹಿತ್ತಿಲಿಗೆ ನೇರ ಎದುರು ಮುಂಬಾಗಿಲು. ಹಾಗಾಗಿ ಪೂರ್ವದ ಬಾಗಿಲು ಬೇಕೆನ್ನುವ ಅತ್ತೆಯವರಿಗೂ ಸಂಜೆ ಹತ್ತರವರೆಗೆ ಬಿಸಿಲು ಬೇಕೆನ್ನುವ ಮಕ್ಕಳಿಗೂ ಪಶ್ಚಿಮದ ಹಿತ್ತಿಲಿನ ಮನೆ ಒಟ್ಟಿಗೇ ಹೊಂದುತ್ತದೆ. ಉತ್ತರದ ಬಾಗಿಲಾದರೆ ಹಿತ್ತಿಲು ದಕ್ಷಿಣಕ್ಕೆ. ಅಲ್ಲಿ ನಿಮ್ಮ ಪೈಪೋಟಿ ಊರಿನವರೆಲ್ಲರ ಜೊತೆ.

ಬೀದಿ ಶಾಂತವೇ ಎಂಬುದನ್ನು ಭಾನುವಾರ ಮಧ್ಯಾಹ್ನ ನೋಡಿ ತೀರ್ಮಾನಿಸಬಾರದು. ಆ ಹೊತ್ತಿಗೆ ಈ ದೇಶದಲ್ಲಿ ಎಲ್ಲ ಬೀದಿಯೂ ಶಾಂತವೇ. ವಾರದ ದಿನ ಬೆಳಿಗ್ಗೆ ಎಂಟೂಕಾಲಿಗೆ ಶಾಲೆಯ ಹೊತ್ತಿನಲ್ಲಿ ಒಮ್ಮೆ, ರಾತ್ರಿ ಒಂಬತ್ತಕ್ಕೆ ಪಾರ್ಕಿಂಗ್ ಎಷ್ಟು ಉಳಿದಿದೆ ಎಂದು ನೋಡಲು ಒಮ್ಮೆ ಹೋಗಿ. ಎ2 ಹೆದ್ದಾರಿಯ ಮೊರೆತ ಗಾಳಿ ಬೀಸುವ ದಿಕ್ಕಿನ ಮೇಲೆ ಹೋಗುತ್ತದೆ. ಐಂಡ್‌ಹೋವನ್ ವಿಮಾನ ನಿಲ್ದಾಣದ ಸದ್ದೂ ಕೆಲವು ಬಡಾವಣೆಗಳಿಗಷ್ಟೇ. ಅಟ್ಲಾಸ್ ಲೇಫ್‌ಒಮ್ಖೇವಿಂಗ್ ಎಂಬ ಸರ್ಕಾರಿ ನಕ್ಷೆಯಲ್ಲಿ ಪಿನ್‌ಕೋಡು ಹಾಕಿದರೆ ಸದ್ದಿನ ಮಟ್ಟ ಸಿಗುತ್ತದೆ. ಹಿತ್ತಿಲ ಹಿಂದೆ ಹಸಿರು ಮೈದಾನವಿದ್ದರೆ ಹಿಗ್ಗುವ ಮೊದಲು ಒಮ್ಖೇವಿಂಗ್ಸ್‌ಲೊಕೆಟ್ ತಾಣದಲ್ಲಿ ಆ ಜಾಗ ಯಾವುದಕ್ಕೆ ಮೀಸಲು ಎಂದು ನೋಡಿ. ಮಕ್ಕಳು ಶಾಲೆಗೆ ಹೋಗುವುದು ನಾಲ್ಕು ತುಂಬಿದ ಮೇಲೆ, ಆದರೆ ಬೇಡಿಕೆಯ ಶಾಲೆಗಳಲ್ಲಿ ಹೆಸರು ಬರೆಸಬೇಕಾದದ್ದು ಎಷ್ಟೋ ಮೊದಲು. ಮನೆ ಹತ್ತಿರವಿದ್ದ ಮಾತ್ರಕ್ಕೆ ಸೀಟು ಖಾತ್ರಿಯಲ್ಲ.

ಮನೆ ನೋಡಲು ಸಿಗುವುದು ಅರ್ಧ ಗಂಟೆಗಿಂತ ಕಡಿಮೆ ಹೊತ್ತು. ಆ ಹೊತ್ತಿನಲ್ಲಿ ಒಬ್ಬರು ಕೆಳಗೆ, ಒಬ್ಬರು ಅಟ್ಟಕ್ಕೆ ಹಂಚಿಕೊಳ್ಳಿ. ನಡುಗೋಡೆಗೆ ಕಿವಿ ಕೊಡಿ. ಹಳೆಯ ಮನೆಗಳಲ್ಲಿ ಎರಡು ಮನೆಗೂ ಒಂದೇ ಗೋಡೆ, ಮರದ ತೊಲೆಗಳು ಎರಡೂ ಕಡೆಯಿಂದ ಅದೇ ಗೋಡೆಯಲ್ಲಿ ಕೂತಿರುತ್ತವೆ. ಮೆಟ್ಟಿಲೂ ಅದಕ್ಕೇ ಅಂಟಿಕೊಂಡಿದ್ದರೆ ಪಕ್ಕದ ಮನೆಯ ಮಗು ಇಳಿದದ್ದು ನಿಮ್ಮ ಹಜಾರದಲ್ಲಿ ಕೇಳುತ್ತದೆ. ಬೆಳಿಗ್ಗೆ ಆರಕ್ಕೆ ನಿಮ್ಮ ಮಿಕ್ಸಿ ಮತ್ತು ಕುಕ್ಕರಿನ ಕೂಗು ಅವರಿಗೂ. ವಿದ್ಯುತ್ ಪೆಟ್ಟಿಗೆ ತೆರೆದು ನೋಡಿ. ಪಿಂಗಾಣಿ ಫ್ಯೂಸುಗಳಿದ್ದರೆ ಪೂರ್ತಿ ಬದಲಿಸಬೇಕು. ಸಿಂಗಲ್ ಫೇಸ್ ಇದ್ದು ಇಂಡಕ್ಷನ್ ಒಲೆ, ಕಾರ್ ಚಾರ್ಜರ್ ಎರಡೂ ಬೇಕೆಂದರೆ ಮೂರು ಫೇಸಿಗೆ ಅರ್ಜಿ ಹಾಕಬೇಕಾಗುತ್ತದೆ. ಬ್ರಾಬಾಂಟ್‌ನಲ್ಲಿ ಜಾಲ ನಡೆಸುವುದು ಎನೆಕ್ಸಿಸ್. ಬಾಯ್ಲರಿನ ಮೇಲಿನ ವರ್ಷ ನೋಡಿ, ಹದಿನೈದಾಗಿದ್ದರೆ ಹೊಸದರ ಖರ್ಚು ಸೇರಿಸಿ. ಅದು ಸ್ವಂತದ್ದೋ ಬಾಡಿಗೆಯದ್ದೋ ಕೇಳಿ, ಬಾಡಿಗೆಯದ್ದಾದರೆ ಕರಾರು ನಿಮ್ಮ ಹೆಗಲಿಗೆ ಬರುತ್ತದೆ. ಮನೆಯ ಇಂಧನ ದಕ್ಷತೆ ಹೇಳುವ ಎನರ್ಜಿ ಲೇಬಲ್ಲಿನ ಅಕ್ಷರಕ್ಕಿಂತ ಅದರ ತಾರೀಖು ಮುಖ್ಯ. 2021ರ ಜನವರಿಯಿಂದ ಲೆಕ್ಕಾಚಾರ ಬದಲಾಗಿದೆ. 2015ರಿಂದ 2020ರವರೆಗಿನ ಲೇಬಲ್ಲಿಗೆ ಯಾರೂ ಮನೆಗೆ ಬಂದು ಅಳೆಯಬೇಕೆಂದಿರಲಿಲ್ಲ.

ಹಣದ ಲೆಕ್ಕದಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ಬ್ಯಾಂಕು ಕೊಡುವುದು ನೀವು ಕೂಗಿದ ಬೆಲೆಯ ಮೇಲಲ್ಲ, ಮೌಲ್ಯಮಾಪಕರು ಬರೆದ ಬೆಲೆಯ ಮೇಲೆ. ಅದರ ನೂರಕ್ಕೆ ನೂರರವರೆಗೆ. ಇನ್ಸುಲೇಷನ್‌ನಂಥ ಕೆಲಸಕ್ಕಾದರೆ 106ರವರೆಗೆ. ಮನೆಗೆ 4,30,000 ಯೂರೊ ಕೂಗಿ, ಮೌಲ್ಯ 4,15,000 ಬಂದರೆ 15,000 ಕೈಯಿಂದ ಹೋಯಿತು. ಅದರ ಮೇಲೆ 'ಕೋಸ್ಟೆನ್ ಕೋಪರ್', ಕೊಳ್ಳುವವರ ಖರ್ಚು: ವರ್ಗಾವಣೆ ತೆರಿಗೆ ನೂರಕ್ಕೆ 2ರಂತೆ 8,600, ಕ್ರಯಪತ್ರ ಮಾಡುವ ನೋಟಾರಿಸ್‌ಗೆ ಒಂದೂವರೆಯಿಂದ ಎರಡು ಸಾವಿರ, ಸಾಲದ ಸಲಹೆಗಾರರಿಗೆ ಎರಡೂವರೆಯಿಂದ ಮೂರು ಸಾವಿರ, ನಮ್ಮ ಕಡೆಯ ಮಾಕೆಲಾರ್‌ಗೆ (ಮನೆ ದಲ್ಲಾಳಿಗೆ) ಮೂರರಿಂದ ಐದು ಸಾವಿರ, ಮೌಲ್ಯಮಾಪನ, ಕಟ್ಟಡ ಪರೀಕ್ಷೆ, ಬ್ಯಾಂಕ್ ಗ್ಯಾರಂಟಿ ಸೇರಿ ಇನ್ನೊಂದೆರಡು ಸಾವಿರ. ಎನ್‌ಎಚ್‌ಜಿ ಎಂಬ ರಾಷ್ಟ್ರೀಯ ಸಾಲಖಾತರಿ ತೆಗೆದುಕೊಂಡರೆ ಸಾಲದ ಶೇ 0.4, ಬಡ್ಡಿ ಇಳಿಯುವುದರಿಂದ ಅದು ದಂಡವಲ್ಲ. 2025ರಲ್ಲಿ ಅದರ ಮಿತಿ 4,50,000 ಇತ್ತು, ಪ್ರತಿ ಜನವರಿಯಲ್ಲಿ ಬದಲಾಗುತ್ತದೆ. ಒಟ್ಟು ಮೂವತ್ತೈದು ಸಾವಿರ ಯೂರೊ ನಗದು ಇಲ್ಲದೆ ಈ ಬೆಲೆಯ ಮನೆಗೆ ಕೂಗಬಾರದು.

35 ತುಂಬದವರಿಗೆ ಒಂದು ಸಲ ವರ್ಗಾವಣೆ ತೆರಿಗೆ ಇಲ್ಲ. ಆದರೆ 2025ರ ಮಿತಿಯಂತೆ ಮನೆಯ ಬೆಲೆ 5,25,000 ದಾಟಿದರೆ ದಾಟಿದಷ್ಟಕ್ಕಲ್ಲ, ಇಡೀ ಬೆಲೆಗೆ ಶೇ 2. ಸಾವಿರ ಯೂರೊ ಹೆಚ್ಚು ಕೂಗಿ ಹತ್ತು ಸಾವಿರ ತೆರಿಗೆ ಕಟ್ಟುವುದು ಹೀಗೆ. ವಯಸ್ಸು ಲೆಕ್ಕ ಹಾಕುವುದು ನೋಟಾರಿಸ್ ಮುಂದೆ ಸಹಿ ಹಾಕುವ ದಿನಕ್ಕೆ. ಗಂಡನಿಗೆ 36, ಹೆಂಡತಿಗೆ 33 ಆದರೆ ಅವಳ ಅರ್ಧಕ್ಕೆ ಮಾತ್ರ ವಿನಾಯಿತಿ.

ಊರಿನಿಂದ ದುಡ್ಡು ತರುವವರು ಮೂರು ತಿಂಗಳು ಮೊದಲೇ ಶುರು ಮಾಡಬೇಕು. ಭಾರತದಲ್ಲಿರುವ ಅಪ್ಪ ಅಮ್ಮ ಕಳಿಸುವುದಾದರೆ ಒಬ್ಬೊಬ್ಬರಿಗೆ ಆರ್ಥಿಕ ವರ್ಷಕ್ಕೆ 2,50,000 ಡಾಲರ್ ಮಿತಿ. ನಿಮ್ಮದೇ ಎನ್‌ಆರ್‌ಒ (ಅನಿವಾಸಿ ಭಾರತೀಯರ) ಖಾತೆಯಿಂದಾದರೆ ಹತ್ತು ಲಕ್ಷ ಡಾಲರ್, ಜೊತೆಗೆ ಆದಾಯ ತೆರಿಗೆ ಇಲಾಖೆಗೆ ಘೋಷಣೆ ಮತ್ತು ಲೆಕ್ಕಪರಿಶೋಧಕರ ಪ್ರಮಾಣಪತ್ರ. ಇಲ್ಲಿ ಬ್ಯಾಂಕೂ ನೋಟಾರಿಸ್ಸೂ ಆ ದುಡ್ಡು ಎಲ್ಲಿಂದ ಹುಟ್ಟಿತು ಎಂದು ಕೇಳುತ್ತವೆ. ಸೈಟು ಮಾರಿದ್ದಾದರೆ ಕ್ರಯಪತ್ರ, ಉಡುಗೊರೆಯಾದರೆ ಉಡುಗೊರೆ ಪತ್ರ, ಜೊತೆಗೆ ಅವರ ಖಾತೆಯ ವಿವರ. ಕನ್ನಡದ ಕಾಗದಗಳಿಗೆ ಭಾಷಾಂತರ ಮಾಡಿಸಿಟ್ಟುಕೊಳ್ಳಿ. ಮುಖ್ಯವಾಗಿ, ದುಡ್ಡು ಮೊದಲು ನಿಮ್ಮ ಡಚ್ ಖಾತೆಗೆ ಬರಲಿ, ಅಲ್ಲಿಂದ ನೋಟಾರಿಸ್‌ಗೆ ಹೋಗಲಿ. ಚಿಕ್ಕಮಗಳೂರಿನ ಖಾತೆಯಿಂದ ನೇರ ಬಂದ ಹಣ ತಡೆಹಿಡಿದರೆ ಸಹಿಯ ದಿನವೇ ಮುಂದಕ್ಕೆ ಹೋಗುತ್ತದೆ.

ಬೆಲೆ ಕೂಗುವುದು ಇಲ್ಲಿ ಲಕೋಟೆಯ ಹರಾಜಿನ ಹಾಗೆ. ಇಂಥ ದಿನ ಇಷ್ಟು ಹೊತ್ತಿಗೆ ಮುಂಚೆ ಎಲ್ಲರೂ ಒಂದೊಂದು ಸಲ ಬರೆದು ಕೊಡುವುದು, ಇನ್ನೊಬ್ಬರ ಬೆಲೆ ತಿಳಿಯದು. ಮುಖ್ಯ ಸಂಘಗಳ ಮಾಕೆಲಾರ್‌ಗಳು 2023ರಿಂದ ಕೂಗಿದ್ದನ್ನೆಲ್ಲ ದಾಖಲೆಪುಸ್ತಕದಲ್ಲಿ ಬರೆಯಲೇಬೇಕು. ಮಾರಾಟ ಗಟ್ಟಿಯಾದ ಮೇಲೆ ಸೋತವರೂ ಅದನ್ನು ನೋಡಬಹುದು. ಬೆಲೆಯ ಜೊತೆ ಷರತ್ತುಗಳೂ ತೂಗುತ್ತವೆ. ಸಾಲ ಸಿಗದಿದ್ದರೆ ಹಿಂದೆ ಸರಿಯುವ ಷರತ್ತನ್ನು ಬಿಟ್ಟರೆ ಗೆಲ್ಲುವುದು ಸುಲಭ ಎಂದು ಮಾಕೆಲಾರ್ ಕಿವಿಯಲ್ಲಿ ಹೇಳುತ್ತಾರೆ. ಬಿಟ್ಟ ಮೇಲೆ ಸಾಲ ಸಿಗದಿದ್ದರೆ ಬೆಲೆಯ ಶೇ 10 ದಂಡ. ತಾತ್ಕಾಲಿಕ ನೌಕರಿಯವರು, ಕಂಪನಿಯ 'ಮುಂದೆ ಕಾಯಂ ಮಾಡುತ್ತೇವೆ' ಎಂಬ ಪತ್ರ ಕೈಗೆ ಬರದವರು ಆ ಷರತ್ತನ್ನು ಬಿಡಲೇಬಾರದು. ಕಟ್ಟಡ ಪರೀಕ್ಷೆಯ ಷರತ್ತು ಬಿಡುವ ಮನಸ್ಸಾದರೆ ಕೂಗುವ ಮೊದಲೇ ಐನೂರು ಯೂರೊ ಕೊಟ್ಟು ಪರೀಕ್ಷೆ ಮಾಡಿಸಿ. ಸೋತರೆ ಐನೂರು ಹೋಯಿತು, ಅಷ್ಟೆ.

ಕರಾರಿಗೆ ಸಹಿಯಾಗಿ ಅದರ ಪ್ರತಿ ಕೈಗೆ ಬಂದ ಮರುದಿನದಿಂದ ಮೂರು ದಿನ ಕೊಳ್ಳುವವರು ಕಾರಣ ಕೊಡದೆ ಬಿಡಬಹುದು. ಆ ಮೂರರಲ್ಲಿ ಎರಡಾದರೂ ಕೆಲಸದ ದಿನವಿರಬೇಕು. ಗುರುವಾರ ಪ್ರತಿ ಸಿಕ್ಕರೆ ಸೋಮವಾರ ರಾತ್ರಿಯವರೆಗೆ ಅವಕಾಶ. ಈ ದಿನಗಳಲ್ಲಿ ಕರಾರಿನ ಎರಡು ಕಲಮುಗಳನ್ನು ಯಾರಿಂದಲಾದರೂ ಓದಿಸಿ: ವಯಸ್ಸಿನ ಕಲಮು ಮತ್ತು ಆಸ್ಬೆಸ್ಟಾಸ್ ಕಲಮು. ಮನೆ ಹಳೆಯದೆಂದು ಗೊತ್ತಿದ್ದೇ ಕೊಂಡಿದ್ದೀರಿ, ಮುಂದೆ ಕೊಳವೆ, ತೊಲೆ, ತೇವ ಎಂದು ಬರಬೇಡಿ ಎಂಬುದು ಮೊದಲನೆಯದರ ಸಾರ. ಮಾರುವವರು ತಮಗೆ ಗೊತ್ತಿದ್ದ ದೋಷವನ್ನು ಮುಚ್ಚಿಡುವಂತಿಲ್ಲ, ಆದರೆ ಗೊತ್ತಿತ್ತೆಂದು ತೋರಿಸಬೇಕಾದವರು ನೀವು. ಅದಕ್ಕೇ ಅವರು ತುಂಬಿಕೊಟ್ಟ ಪ್ರಶ್ನಾವಳಿಯಲ್ಲಿ 'ಗೊತ್ತಿಲ್ಲ' ಎಂದಿರುವ ಕಡೆಯೆಲ್ಲ ಇಮೇಲಿನಲ್ಲಿ ಮತ್ತೆ ಕೇಳಿ ಉತ್ತರ ಇಟ್ಟುಕೊಳ್ಳಿ. ಏನೇನು ಬಿಟ್ಟುಹೋಗುತ್ತಾರೆ ಎಂಬ ಪಟ್ಟಿಯೂ ಕರಾರಿನ ಭಾಗ. ಪರದೆ, ದೀಪ ಮಾತ್ರವಲ್ಲ, ನೆಲದ ಲ್ಯಾಮಿನೇಟನ್ನೂ ಕಿತ್ತು ಒಯ್ಯುವ ಪದ್ಧತಿ ಇಲ್ಲಿದೆ.

ಕಡಾಸ್ಟರ್, ಅಂದರೆ ಭೂದಾಖಲೆ ಕಚೇರಿಯ ಋಣಭಾರ ವಿವರವನ್ನು ನೋಟಾರಿಸ್ಸೇ ನೋಡುತ್ತಾರೆ. ನೀವು ನೋಡಬೇಕಾದದ್ದು ಹಿತ್ತಿಲ ಓಣಿ: ಅದು ಯಾರದ್ದು, ಯಾರಿಗೆ ಹಾಯುವ ಹಕ್ಕಿದೆ, ನಿಮ್ಮ ಶೆಡ್ಡು ಗಡಿಯೊಳಗಿದೆಯೇ. ಸಹಿಯ ದಿನ ಬೆಳಿಗ್ಗೆ ಕೊನೆಯ ಪರಿಶೀಲನೆ. ಎಲ್ಲ ನಲ್ಲಿ ಬಿಟ್ಟು, ಹೀಟಿಂಗ್ ಹಚ್ಚಿ ಪ್ರತಿ ರೇಡಿಯೇಟರ್ ಮುಟ್ಟಿ ನೋಡಿ; ಮೀಟರುಗಳ ಫೋಟೊ ತೆಗೆಯಿರಿ. ಏನಾದರೂ ಮುರಿದಿದ್ದರೆ ಸಹಿಗೆ ಮೊದಲೇ ಬರೆಸಬೇಕು. ಒಂದಿಷ್ಟು ಹಣವನ್ನು ನೋಟಾರಿಸ್ ಬಳಿಯೇ ತಡೆಹಿಡಿಸಲು ಎರಡೂ ಕಡೆಯವರು ಒಪ್ಪಬಹುದು. ಡಚ್ ಬಾರದವರಿಗೆ ಪ್ರಮಾಣೀಕೃತ ದುಭಾಷಿ ಬೇಕು, ಅದರ ಖರ್ಚು ನಿಮ್ಮದೇ. ಕಟ್ಟಡ ವಿಮೆ ಅದೇ ದಿನದಿಂದ ಶುರುವಾಗಿರಬೇಕು.

ಕೀಲಿ ಬಂದ ಮೇಲೆ ಮೊದಲು ಬೀಗದ ಸಿಲಿಂಡರುಗಳನ್ನು ಬದಲಿಸಿ, ಹಿತ್ತಿಲ ಗೇಟಿನದ್ದೂ ಸೇರಿಸಿ. ಗ್ಯಾಸ್ ಸಂಪರ್ಕ ತೆಗೆಸಲು ಆತುರ ಬೇಡ. ಜೋಳದ ರೊಟ್ಟಿ ತಟ್ಟುವ ಮನೆಯಾದರೆ ಇಂಡಕ್ಷನ್ ಮೇಲೆ ಒಂದು ವಾರ ಬಡಿದು ನೋಡಿ ತೀರ್ಮಾನಿಸಿ. ಒಗ್ಗರಣೆಯ ಹೊಗೆಗೆ ಮೋಟಾರಿರುವ ಚಿಮಣಿ ತಂದು ಮನೆಯ ಗಾಳಿ ಹೀರುವ ಕೊಳವೆಗೆ ಜೋಡಿಸಬೇಡಿ. ಹಾಗೆ ಮಾಡಿದರೆ ಸಾರಿನ ವಾಸನೆ ಬಚ್ಚಲಲ್ಲಿ ಬರುತ್ತದೆ; ಅದಕ್ಕೆ ಹೊರಗೋಡೆಯಲ್ಲಿ ಬೇರೆಯೇ ತೂತು ಬೇಕು. ಗೋಡೆ, ನೆಲ, ಗಾಜು ಇವುಗಳಲ್ಲಿ ಯಾವುದಾದರೂ ಎರಡನ್ನು 24 ತಿಂಗಳೊಳಗೆ ಮಾಡಿಸಿದರೆ ಐಎಸ್‌ಡಿಇ ಎಂಬ ಸರ್ಕಾರಿ ಸಹಾಯಧನ ದುಪ್ಪಟ್ಟಾಗುತ್ತದೆ. ಕೆಲಸವನ್ನು ಕಂಪನಿಯೇ ಮಾಡಿರಬೇಕು, ನಡೆಯುವಾಗಿನ ಫೋಟೊ ಇರಬೇಕು, ಅರ್ಜಿ ಹಾಕುವುದು ಕೆಲಸ ಮುಗಿದ ಮೇಲೆ. ಗೋಡೆಯ ಟೊಳ್ಳು ತುಂಬುವ ಮೊದಲು ಅದರಲ್ಲಿ ಸಂರಕ್ಷಿತ ಪ್ರಾಣಿಗಳಾದ ಬಾವಲಿಗಳಿಲ್ಲ ಎಂದು ಖಚಿತಪಡಿಸಿಕೊಳ್ಳಬೇಕು. 2023ರಿಂದ ಇದು ಬಿಗಿಯಾಗಿದೆ. ಅದರ ಹೊಣೆ ಯಾರದೆಂದು ಕಂಪನಿಯ ಕೊಟೇಶನ್ನಿನಲ್ಲೇ ಬರೆಸಿಕೊಳ್ಳಿ. ಬಾವಲಿಗಳಿದ್ದರೆ ಆ ವರ್ಷದ ಚಳಿಗಾಲ ಖಾಲಿ ಗೋಡೆಯಲ್ಲೇ ಕಳೆಯಬೇಕಾಗಬಹುದು, ಬಾಯ್ಲರಿನ ಲೆಕ್ಕವನ್ನು ಹಾಗೇ ಹಾಕಿಕೊಳ್ಳಿ.